ನಮ್ಮ ಕಲ್ಲು, ಅವರ ಕಲ್ಲು

ನಗೆಯ ಸಂಗತಿಗಳು ಹುಡುಕಿಕೊಂಡು ಹೋದರೆ ಸಿಗುವುದಿಲ್ಲ; ತನ್ನ ಪಾಡಿಗೆ ತಾನಿರುವವನ ಮನೆ ಬಾಗಿಲಿಗೆ ಅವೇ ಬಂದು ಚಪ್ಪಲಿ ಬಿಡುತ್ತವೆ. ಇಲ್ಲಿಯ ಮುಖ್ಯ ಸಂಗತಿಯನ್ನು ನಮ್ಮ ಮನೆಯಲ್ಲಿ ಮೊದಲು ಹೇಳಿದವರು ನಮ್ಮ ಎದುರು ಮನೆಯ ತೆಲುಗು ಅಕ್ಕನವರು. ಅದು ನನ್ನದೇ ಸಂಗತಿ, ನನಗೇ ಗೊತ್ತಿರಲಿಲ್ಲ! ಅವರು ಹೇಳಿದ್ದೂ ನಗುತ್ತ ಅಲ್ಲ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. ಅದಕ್ಕೆ ಬರುವ ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡಬೇಕು. ಇಲ್ಲವಾದರೆ ನೀವೂ ಅವರ ಹಾಗೆಯೇ ತಿಳಿದೀರಿ.

ನಾನು ರಾಯಚೂರು ಕಡೆಯ ಹಳ್ಳಿಯವನು. ಕಲಿತದ್ದು ಗುಡಿಯ ಪಡಸಾಲೆಯಲ್ಲಿ ನಡೆಯುತ್ತಿದ್ದ ಸಾಲಿಯಲ್ಲಿ. ಶಿವನ ದಯದಿಂದ ಹೈದರಾಬಾದಿನ ಒಂದು ಸರಕಾರಿ ಪ್ರಯೋಗಶಾಲೆಯಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಸನತ್‌ನಗರದಲ್ಲಿ ಬಾಡಿಗೆ ಮನೆ ಹಿಡಿದೆ. ಸುಣ್ಣಕಲ್ಲಿನ ಗುಹೆಗಳಲ್ಲಿ ಮೇಲಿನಿಂದ ನೀರು ತೊಟ್ಟಿಕ್ಕಿ, ಅದರೊಳಗಿನ ಸುಣ್ಣ ನೆಲದ ಮೇಲೆ ಪದರ ಪದರವಾಗಿ ಕೂತು, ಸಾವಿರಾರು ವರ್ಷಕ್ಕೆ ಒಂದು ಕಲ್ಲಿನ ಮೊಳಕೆ ಏಳುತ್ತದೆ. ಅದನ್ನು ಉದ್ದಕ್ಕೆ ಕೊಯ್ದು, ಒಂದೊಂದು ಪದರವನ್ನೂ ಸಣ್ಣಗೆ ಗೀರಿ, ಆ ಪುಡಿಯನ್ನು ಯಂತ್ರಕ್ಕೆ ಕೊಟ್ಟರೆ ಯಾವ ಕಾಲಕ್ಕೆ ಮಳೆ ಚೆನ್ನಾಗಿ ಆಗಿತ್ತು, ಯಾವ ಕಾಲಕ್ಕೆ ಬರ ಬಿದ್ದಿತ್ತು ಎಂಬುದು ತಿಳಿಯುತ್ತದೆ. ತಿಳಿಯುವವರು ನಮ್ಮ ಮೈಸೂರಿನ ಮೇಡಂ. ಕೊಯ್ಯುವವನೂ ಗೀರುವವನೂ ನಾನು.

ಹಾರ್ಡ್ ಡಿಸ್ಕು

ಅಮೀರ್‌ಪೇಟೆಯ ಗೋಡೆಗಳ ಮೇಲೆ ಗೋಡೆಯೇ ಕಾಣದಂತೆ ಕಂಪ್ಯೂಟರ್ ಕೋರ್ಸಿನ ಬೋರ್ಡು ನೇತಾಡುತ್ತಿದ್ದ ಕಾಲ ಅದು. ನಮ್ಮ ಮಹಡಿಯ ಮೇಲೆ ಮಂಗಳೂರಿನ ಕಡೆಯ ಸಾಫ್ಟ್‌ವೇರ್ ಹುಡುಗನೊಬ್ಬ ಬಾಡಿಗೆಗೆ ಇದ್ದ. ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕಿ ಕೇಳಿದ:

"ನಿಮ್ಮಲ್ಲಿ ಎಷ್ಟು ವರ್ಷದ ಡಾಟಾ ಉಂಟು ಮಾರಾಯ್ರೆ?"

"ಹತ್ತು ಸಾವಿರ ವರ್ಷದ್ದು ಐತಿ."

ಅವನು ಮೆಟ್ಟಿಲ ಮೇಲೆಯೇ ಕೂತ. "ಬ್ಯಾಕಪ್ ತೆಗೆದಿದ್ದೀರಾ?"

"ಉಳಿದ ಅರ್ಧ ಗುಹ್ಯಾಗ ಹಂಗ ಐತೆಪಾ."

"ಎಂತದರಲ್ಲಿ ಇಟ್ಟಿದ್ದೀರಿ? ಹಾರ್ಡ್ ಡಿಸ್ಕಾ?"

"ಭಾಳ ಹಾರ್ಡು. ಮೊನ್ನಿ ಗರಗಸದ ಹಲ್ಲ ಹೋತು."

ಸೋಮವಾರದ ಸರ್ವಿಸಿಂಗ್

ಗುಹೆಯಿಂದ ಬರುವ ಕಲ್ಲುಗಳಲ್ಲಿ ಕೆಲವು ಥೇಟು ಲಿಂಗದಾಕಾರ. ಒಂದು ಸೋಮವಾರ ಅಂಥದೊಂದನ್ನು ಗರಗಸಕ್ಕೆ ಕೊಡಲು ನನಗೆ ಕೈಯೇ ಬರಲಿಲ್ಲ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಗರಗಸ. ಮೇಡಂ ಮುಂದೆ ನಿಂತೆ.

"ಇವತ್ತ ಬ್ಯಾಡ್ರಿ ಮೇಡಂ. ಸೋಮವಾರ ಐತಿ."

"ಅಯ್ಯೋ, ಇದೇನು ಉದ್ಭವಲಿಂಗ ಅಲ್ಲಪ್ಪ. ಮೇಲಿಂದ ಬಿದ್ದ ನೀರಿನಿಂದ ಆಗಿರೋದು."

"ಗಂಗವ್ವನೂ ಮ್ಯಾಲಿಂದನ ಬಿದ್ದಾಳ್ರಿ."

ಮೇಡಂ ಕನ್ನಡಕ ತೆಗೆದು ಒರೆಸಿದರು. ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು. ಮರುದಿನ ಬಾಗಿಲ ಮೇಲೆ ಬೋರ್ಡು ಬಂತು: ಪ್ರತಿ ಸೋಮವಾರ ಗರಗಸದ ಸರ್ವಿಸಿಂಗ್. ಆಮೇಲೆ ಹೊರಗಿನಿಂದ ಬಂದ ದೊಡ್ಡ ಸಾಹೇಬರೊಬ್ಬರು ಅದನ್ನು ಓದಿ, ಯಂತ್ರಗಳನ್ನು ಇಷ್ಟು ಜೋಪಾನ ಮಾಡುವ ಜಾಗ ತಾವು ಎಲ್ಲೂ ಕಂಡಿಲ್ಲ ಎಂದು ಹೊಗಳಿ ಹೋದರು.

ಹೆಣ್ಣು ನೋಡುವ ಶಾಸ್ತ್ರ

ಇನ್ನು ಮುಖ್ಯದ್ದು. ನನ್ನ ಮಗಳಿಗೆ ಒಂದು ಸಂಬಂಧ ಬಂತು. ಹುಡುಗ ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ನೌಕರ. ನಮ್ಮ ಮಂದಿಯೇ, ಆದರೆ ಅಜ್ಜನ ಕಾಲದಿಂದ ಇಲ್ಲಿಯೇ ಇದ್ದು ಮನೆಯೊಳಗೂ ತೆಲುಗೇ ಆಗಿಬಿಟ್ಟಿತ್ತು. ಕನ್ನಡ ಅವರಿಗೆ ಹಬ್ಬದ ಪಂಚೆಯಿದ್ದ ಹಾಗೆ, ಬೇಕಾದಾಗ ಮಾತ್ರ ಹೊರಗೆ ತೆಗೆಯುವುದು. ಹುಡುಗನ ತಂದೆ ಭಾಳ ಆಚಾರವಂತರು. ಊರೂರು ತಿರುಗಿ ಕುಡಿತ ಬಿಡಿರೆಂದು ಭಾಷಣ ಮಾಡುವವರು. ಎಂದೂ ಏನನ್ನೂ ಬಾಯಿ ಬಿಟ್ಟು ಕೇಳದ ನನ್ನ ಮಗಳು ಹುಡುಗನ ಫೋಟೋ ನೋಡಿ, "ಅಪ್ಪಾ, ಇದೊಂದು ಆದ್ರ ಚಲೋ" ಅಂದಿದ್ದಳು. ಅವಳು ಹಾಗೆ ಅಂದ ಮೇಲೆ ನನಗೆ ಪೂಜೆಗೆ ಕೂತರೂ ಅದೇ ಧ್ಯಾನ.

ಅವರು ಬಂದರು, ಕೂತರು. ತಂದೆಯವರು ಕೇಳಿದರು: "ನಿಮ್ದು ಕೆಲಸ ಏಮಿ?"

"ಕಲ್ಲಿನ ಕೆಲಸರಿ," ಅಂದೆ.

ಅವರು ಕಿವಿ ಮುಂದೆ ತಂದರು. "ಕಲ್ಲು?"

"ಹೌದ್ರಿ. ಹಳೇ ಕಲ್ಲು. ಹಳೇದಾದಷ್ಟೂ ಕಿಮ್ಮತ್ತು ಜಾಸ್ತಿ."

"ಇಂಟ್ಲೋ, ಮನೇಲಿ ಕೂಡ ಇಡ್ತೀರಾ?"

"ಸ್ವಲ್ಪ ಐತ್ರಿ. ಮೇಡಂ ಪ್ರೀತಿಲೆ ಕೊಟ್ಟಿದ್ದು. ದೇವರ ಜಗಲಿ ಮ್ಯಾಲ ಇಟ್ಟೀನಿ. ದಿನಾ ಕೈ ಮುಗೀತೀನಿ."

ಸರಿಯಾಗಿ ಆ ಹೊತ್ತಿಗೆ ನನ್ನ ಹೆಂಡತಿ ಒಳಗಿನಿಂದ ದೊಡ್ಡ ಲೋಟದ ತುಂಬ ತಣ್ಣನೆಯ ಬಿಳೀ ಮಜ್ಜಿಗೆ ತಂದು ಅವರ ಮುಂದೆ ಹಿಡಿದಳು. ತಂದೆಯವರು ಲೋಟ ನೋಡಿದರು, ನನ್ನ ಮುಖ ನೋಡಿದರು, ಹಣೆಯ ವಿಭೂತಿ ನೋಡಿದರು. "ಶಿವ ಶಿವಾ" ಅಂದವರೇ ಎದ್ದು ನಡೆದರು. ನನ್ನ ಹೆಂಡತಿ ಅಂದಳು: "ಎಷ್ಟು ಭಕ್ತರಿದ್ದಾರ ನೋಡ್ರಿ, ಮಜ್ಜಿಗಿ ಕಂಡರೂ ದೇವರ ನೆನಪು!"

ಮಜ್ಜಿಗೆಯ ಗುಟ್ಟು

ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ. ಸಂಬಂಧ ತಂದ ಮಧ್ಯಸ್ಥರನ್ನು ಕೇಳಿದರೆ, "ಆ ಮನಿತನ ಬ್ಯಾಡ ಅಂದಾರ್ರಿ, ಕಾರಣ ಕೇಳಬ್ಯಾಡ್ರಿ" ಅಂದು ಕಣ್ಣು ತಪ್ಪಿಸಿದರು. ಮಗಳು ಊಟದ ತಾಟಿನ ಮುಂದೆ ಬರೀ ಅನ್ನ ಕಲಸುತ್ತ ಕೂಡುತ್ತಿದ್ದಳು.

ನನ್ನ ಹೆಂಡತಿ ಈ ದುಃಖವನ್ನು ಎದುರು ಮನೆಯ ಅಕ್ಕನವರ ಮುಂದೆ ತೋಡಿಕೊಂಡಳು. ಅವರದು ತೆಲುಗು, ಇವಳದು ಕನ್ನಡ. ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಪ್ರೀತಿಯ ಮೇಲೆ ನಡೆಯುತ್ತಿತ್ತು. ಅಕ್ಕನವರು ಕೇಳಿದ್ದೇ ತಡ ಅಳಲಿಕ್ಕೆ ಶುರು ಮಾಡಿದರು.

"ಅಯ್ಯೋ ತಂಗೀ, ಆ ಪೆದ್ದಾಯನ, ಹುಡುಗನ ತಂದೆ, ನನ್ನ ಹತ್ರ ವಿಚಾರಿಸಾಕ ಬಂದಿದ್ದ. ನಾನು ಒಳ್ಳೇದೇ ಹೇಳಿದ್ನಮ್ಮಾ! ಅಣ್ಣಗಾರದು ಕಲ್ಲಿನ ಕೆಲಸ ನಿಜ, ಹೊಟ್ಟೆಪಾಡು, ಏನ್ ಮಾಡೋದು, ಆದ್ರೆ ತಾವು ಮಾತ್ರ ಒಂದು ತೊಟ್ಟೂ ಕುಡಿಯಲ್ಲ ಅಂತ ದೇವರ ಮೇಲೆ ಆಣೆ ಇಟ್ಟೆ!"

ನನ್ನ ಹೆಂಡತಿ ಗಾಬರಿಯಾದಳು. "ಕಲ್ಲು ಯಾರರ ಹ್ಯಾಂಗ ಕುಡೀತಾರ ಅಕ್ಕಾರ?"

ಆಗ ಹೊರಗೆ ಬಂತು ನೋಡಿ. ಮಜ್ಜಿಗೆಯಂತೆ ಬೆಳ್ಳಗಿರುವ ಹೆಂಡಕ್ಕೆ ನಾವು ಶೇಂದಿ ಅಂದರೆ ತೆಲುಗಿನವರು ಕಲ್ಲು ಅನ್ನುತ್ತಾರೆ. ನಮ್ಮ ಕಲ್ಲಿಗೆ ಅವರದು ರಾಯಿ. ಇಷ್ಟು ವರ್ಷ ನಾನು ಓಣಿಯ ತುಂಬ "ಇವತ್ತ ಕಲ್ಲು ಭಾಳ ಬಂದಿತ್ತು", "ಇವತ್ತ ಕಲ್ಲು ಗೀರಿ ಗೀರಿ ಸಾಕಾತು" ಅಂದುಕೊಂಡು ತಿರುಗಿದ್ದೆ. ಶೇಂದಿ ಇಳಿಸಲು ಈಚಲ ಮರ ಕೆತ್ತುವುದಕ್ಕೂ ಅವರಲ್ಲಿ ನಮ್ಮ ಗೀರುವುದನ್ನೇ ಹೋಲುವ ಗೀತ ಎಂಬ ಹೆಸರಂತೆ. ಓಣಿಗೆ ಓಣಿಯೇ ನನ್ನನ್ನು ಸರಕಾರಿ ಶೇಂದಿಯವನೆಂದು ತಿಳಿದು, ವಿಭೂತಿ ನೋಡಿ ಕ್ಷಮಿಸಿಬಿಟ್ಟಿತ್ತು.

ನನ್ನ ಹೆಂಡತಿಗೆ ಮಾತ್ರ ಬೇರೆಯೇ ಚಿಂತೆ ಹತ್ತಿತು. ತಡೆದು ತಡೆದು ಕೇಳಿದಳು: "ಅಂದ್ರ ಅಕ್ಕಾರ, ಇಷ್ಟ ವರ್ಷ ನೀವು ನಮ್ಮನಿ ಮಜ್ಜಿಗಿ ಮುಟ್ಟದ ಇದ್ದದ್ದು ಇದಕ್ಕನ?"

ಬೀಗರ ತನಿಖೆ

ಮಧ್ಯಸ್ಥರ ಕಾಲು ಹಿಡಿದೆ. ತಂದೆಯವರು ಒಮ್ಮೆ ಬಂದು ಕಣ್ಣಾರೆ ನೋಡಲಿ ಅಂದೆ. ಅವರು ಮೂಗಿಗೆ ಹೆಗಲ ಪಂಚೆ ಹಿಡಿದುಕೊಂಡೇ ನಮ್ಮ ಪ್ರಯೋಗಶಾಲೆಗೆ ಬಂದರು. ಮಗಳ ಬಾಳು ಆ ಹೊತ್ತು ನನ್ನ ನಾಲಿಗೆಯ ಮೇಲಿತ್ತು. ಆ ನಾಲಿಗೆಯ ಮೇಲೆ ನನಗೆ ನಂಬಿಕೆ ಇರಲಿಲ್ಲ. ಮೇಡಂ ಧೈರ್ಯ ಹೇಳಿದರು: "ನೀವು ಸುಮ್ನೆ ನಿಂತ್ಕೊಳ್ಳಿ. ನಾನು ತೆಲುಗಿನಲ್ಲೇ ಹೇಳ್ತೀನಿ. ಕಲ್ಲು ಅನ್ನೋ ಶಬ್ದ ನನ್ನ ಬಾಯಿಂದ ಬಂದ್ರೆ ಕೇಳಿ."

ಆ ಶಬ್ದ ಬರಲೇ ಇಲ್ಲ. ಬಂದದ್ದು ಇಷ್ಟು: ಇದು ಮೇಲಿನಿಂದ ಚುಕ್ಕ ಚುಕ್ಕವಾಗಿ, ಹನಿ ಹನಿಯಾಗಿ, ಇಳಿಯುತ್ತದೆ; ವರ್ಷಗಟ್ಟಲೆ ಕತ್ತಲೆಯಲ್ಲಿ ಇರುತ್ತದೆ; ಇವರು ಇಲ್ಲಿ ದಿನಾ ಗೀರುತ್ತಾರೆ; ಇವರಷ್ಟು ಚೆನ್ನಾಗಿ ಗೀರುವವರು ಇಡೀ ಹೈದರಾಬಾದಿನಲ್ಲಿ ಇಲ್ಲ.

ತಂದೆಯವರು ಬಾಗಿಲ ಕಡೆಗೆ ತಿರುಗಿದರು. ಇನ್ನು ಮಾತಿನಿಂದ ಆಗುವುದಿಲ್ಲ ಅನ್ನಿಸಿ ನಾನು ಮೇಜಿನ ಮೇಲಿನ ಬಟ್ಟೆ ಎಳೆದೆ. ಕೊಯ್ದು ಉಜ್ಜಿದ ಕಲ್ಲು, ಜೇನಿನ ಬಣ್ಣದ ಪದರಗಳು, ಥಳಥಳ. ಅವರು ಹತ್ತಿರ ಬಂದರು. ಬೆರಳಿನಿಂದ ಮುಟ್ಟಿದರು. ಮೂಸಿಯೂ ನೋಡಿದರು.

"ಇದಿ ರಾಯಿ ಗದಾ!"

"ರಾಯಿರಿ! ರಾಯೀನರಿ! ನಮ್ಮಪ್ಪನಾಣಿ ರಾಯಿ!" ಅಂದೆ.

ಅವರು ಪಂಚೆಯನ್ನು ಮೂಗಿನಿಂದ ಇಳಿಸಿ ಹೆಗಲ ಮೇಲೆ ಹಾಕಿಕೊಂಡರು. ಕಲ್ಲಿನ ಮುಂದೆ ನಿಂತು ಕೈ ಮುಗಿದರು. ಆಮೇಲೆ ಮೇಡಂ ಕಡೆ ತಿರುಗಿ ಮೆತ್ತಗೆ ಕೇಳಿದರು: "ಮಳೆ ವಿಷಯ ಎಲ್ಲಾ ಇದರಲ್ಲಿ ಇರ್ತದಂತೆ, ಮಧ್ಯಸ್ಥರು ಹೇಳಿದ್ರು. ಶ್ರಾವಣದಲ್ಲಿ ಮದುವೆ ಇಟ್ರೆ ಮಳೆ ಬರ್ತದಾ, ಸ್ವಲ್ಪ ನೋಡಿ ಚೆಪ್ಪಂಡಿ."

ಮದುವೆ ಎಂಬ ಮಾತು ಕೇಳಿ ನನ್ನ ಕಣ್ಣು ತುಂಬಿ ಬಂತು. ಮೇಡಂ ನಕ್ಕು, "ಇದು ಹಿಂದಿನ ಮಳೆ ಮಾತ್ರ ಹೇಳುತ್ತೆ ಸ್ವಾಮಿ, ಮುಂದಿಂದು ಗೊತ್ತಾಗಲ್ಲ" ಅಂದರು.

ಬೀಗರಿಗೆ ಮರುಕ ಬಂತು. "ಪಾಪ, ಇಷ್ಟೆಲ್ಲಾ ಮಿಷನ್ ಇಟ್ಟಿದ್ದೀರಾ, ಒಂದು ಪಂಚಾಂಗ ತರಿಸಿ ಅಮ್ಮಾ."

ರಾಯಿ

ಮದುವೆ ಆಯಿತು, ಮಳೆಯೂ ಬಂತು. ಬೀಗರು ಸಿಕ್ಕ ಸಿಕ್ಕವರಿಗೆಲ್ಲ, ಕೇಳದಿದ್ದರೂ, "ನಮ್ಮ ವಿಯ್ಯಂಕುಡದು, ಬೀಗರದು, ರಾಯಿ ಕೆಲಸ" ಎಂದು ಹೇಳುತ್ತ ತಿರುಗಿದರು. ನಾನೂ ಪಾಠ ಕಲಿತು ಅದನ್ನೇ ಹಿಡಿದುಕೊಂಡಿದ್ದೆ.

ಮದುವೆಯ ದಿನ ಮಧ್ಯಾಹ್ನ ಅಡಿಗೆಯ ಕಡೆ ಹೋದೆ. ಅಡಿಗೆಯವನು ದಖನಿ ಉರ್ದು ಮಾತಿನವನು. ಅವನು ಅಂದದ್ದನ್ನು ಕನ್ನಡದಲ್ಲಿಯೇ ಹೇಳುತ್ತೇನೆ.

"ಸಾಹೇಬರ, ನಿಮ್ಮದು ರಾಯಿ ಕೆಲಸ ಅಂತಲ್ಲ, ಖರೇನ?"

"ಖರೇ."

"ಹೊಸಾದೋ, ಹಳೇದೋ?"

"ಹಳೇದು. ಸಾವಿರಾರು ವರ್ಷದ್ದು."

ಅವನು ಸೌಟು ಕೆಳಗಿಟ್ಟ. "ಅದನ್ನ ಏನ್ ಮಾಡ್ತೀರಿ?"

"ಒಂದೊಂದನ್ನೂ ನಡುವ ಕೊಯ್ದು, ಒಳಗಿನ ಗೆರಿ ಎಣಸ್ತೀನಿ. ಆಮ್ಯಾಲ ಸಣ್ಣ ಡ್ರಿಲ್ಲಿನಿಂದ ಗೀರಿ ಪುಡಿ ತೆಗಿತೀನಿ."

ಅವನು ಬಹಳ ಹೊತ್ತು ನನ್ನ ಕಣ್ಣುಗಳನ್ನೇ ನೋಡಿದ. ಆಮೇಲೆ ಒಗ್ಗರಣೆಯ ಡಬ್ಬಿಗೆ ಕೈ ಹಾಕಿ, ಒಂದೇ ಒಂದು ಕಾಳು ಸಾಸಿವೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದ.

"ಇದರಾಗ ಗೆರಿ?" ಅಂದ. "ಅಲ್ಲಾ! ಎಂಥಾ ನಜರು ಸಾಹೇಬರ ನಿಮ್ಮದು! ನನಗ ಇಡೀ ಕಾಳು ಕಾಣವಲ್ದು!"

ದಖನಿಯಲ್ಲಿ ರಾಯಿ ಅಂದರೆ ಸಾಸಿವೆ.

ಈ ಸಂಗತಿಯನ್ನು ನೀವು ನಾಲ್ಕು ಮಂದಿಗೆ ಹೇಳಬೇಕೆಂದು ನನ್ನ ವಿನಂತಿ. ಹೇಳುವ ಮೊದಲು ಮಾತ್ರ ಅವರ ಮನೆ ಮಾತು ಯಾವುದೆಂದು ಕೇಳಿಕೊಳ್ಳಿ. ನನಗೆ ಇನ್ನೂ ಒಬ್ಬ ಮಗಳಿದ್ದಾಳೆ.