ಮೊದಲನೇ ಬೆಂಚಿನ ಸೋದರತ್ತೆ

ಕ್ಲಾಸ್‌ಮೇಟ್‌ಗಳು ಎಲ್ಲರಿಗೂ ಇರುತ್ತಾರೆ, ಸೋದರತ್ತೆಯರೂ ಇರುತ್ತಾರೆ. ಎರಡೂ ಒಬ್ಬರೇ ಆಗಿರುವ ಭಾಗ್ಯ ಎಷ್ಟು ಜನಕ್ಕಿದೆ, ಹೇಳಿ? ನನಗಿತ್ತು. ಹುಣಸೂರಿನಲ್ಲಿ ಕ್ರೈಸ್ತ ಸಂನ್ಯಾಸಿನಿಯರು ನಡೆಸುವ ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ಮೂರು ವರ್ಷ ಇತಿಹಾಸ, ಭೂಗೋಳ ಓದಿದೆ. ನನ್ನ ಪಕ್ಕದಲ್ಲೇ ಕೂತು ನಮ್ಮಪ್ಪನ ಅಕ್ಕನೂ ಓದಿದರು. ಸಾಲದ್ದಕ್ಕೆ ಭೂಗೋಳದಲ್ಲಿ ನನಗಿಂತ ಹೆಚ್ಚು ಅಂಕವನ್ನೂ ತೆಗೆದರು. ಆ ಗಾಯ ಇನ್ನೂ ಮಾದಿಲ್ಲ!

ಇದೆಲ್ಲ ಶುರುವಾದದ್ದು ನನ್ನ ಅಡ್ಮಿಷನ್ ದಿನ. ಅಪ್ಪನಿಗೆ ಹೊಗೆಸೊಪ್ಪಿನ ಸಸಿ ನೆಡುವ ಗಡಿಬಿಡಿ. "ಅಕ್ಕ, ನೀನೇ ಇವಳ ಜೊತೆ ಓಗ್ಬಾ" ಅಂದರು. ಅತ್ತೆಯ ಊರು ಪಿರಿಯಾಪಟ್ಟಣದಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿ, ನಮ್ಮೂರು ದಾಟಿದ ಮೇಲೆ ಸಿಗುತ್ತದೆ. ಅಲ್ಲಿ ಬಸ್ಸು ಹತ್ತಿದ ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು. ಯಾಕೋ ಅತಿಯಾಯಿತಲ್ಲ ಅನ್ನಿಸಿತು.

"ಯಾರಿಗೆ ಅಡ್ಮಿಷನ್?" ಎಂದು ಕೇಳಿದರು ಪ್ರಿನ್ಸಿಪಾಲ್ ಸಿಸ್ಟರ್.

"ಇಬ್ರುಗೂವೆ" ಅಂದರು ಅತ್ತೆ.

ನಾನು ತಿರುಗಿ ನೋಡುವಷ್ಟರಲ್ಲಿ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರು, ಕವರಿನಿಂದ ಒಂದು ಹಳದಿಗಟ್ಟಿದ ಹಾಳೆ ಹೊರಗೆ ಬಂದಿತ್ತು. ಮೂವತ್ತು ವರ್ಷದ ಹಿಂದಿನ ಪಿಯುಸಿ ಮಾರ್ಕ್ಸ್ ಕಾರ್ಡು! ಸಿಸ್ಟರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ವಯಸ್ಸಿಗೆ ಏನಾರ ಕಾನೂನು ಇದ್ದದಾ ಸಿಸ್ಟರ್?"

ಸಿಸ್ಟರ್ ನಿಯಮಗಳ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಇರಲಿಲ್ಲ.

ಮನೆಯಲ್ಲಿ ಅಪ್ಪ ತಲೆ ಮೇಲೆ ಕೈ ಹೊತ್ತು ಕೂತರು. "ಜನ ಏನಂದಾರಕ್ಕ?"

"ಹೆಂಗುಸ್ರಿಗೆ ಬಸ್ಸು ಫ್ರೀ ಬುಟ್ಟವ್ರೆ. ಎಲ್ರೂ ದೇವಸ್ಥಾನಕ್ಕೆ ಓಯ್ತಾವ್ರೆ, ನಾನು ಕಾಲೇಜ್ಗೆ ಓಯ್ತೀನಿ. ಅದ್ರಲ್ಲೇನು?"

ಅತ್ತೆಯ ಗಂಡ, ನಮ್ಮ ಮಾವನೊಬ್ಬರೇ ಶಾಂತವಾಗಿದ್ದವರು. "ಓದ್ಲಿ ಬುಡು ಭಾವಮೈದ, ಸಂಜೆಗಂಟ ಮನೆ ತಣ್ಣಗಿರ್ತದೆ!"

ಮೊದಲ ದಿನ ಅತ್ತೆ ಕ್ಲಾಸಿನೊಳಗೆ ಕಾಲಿಟ್ಟ ತಕ್ಷಣ ಹುಡುಗಿಯರೆಲ್ಲ ದಡಬಡನೆ ಎದ್ದು "ಗುಡ್ ಮಾರ್ನಿಂಗ್ ಮೇಡಂ" ಅಂದರು. ಅತ್ತೆ ಕೈಯಾಡಿಸಿ, "ಕೂತ್ಕಳಿ ಮಕ್ಳೆ" ಎಂದು ಮೊದಲನೇ ಬೆಂಚಿನಲ್ಲಿ ತಾವೂ ಕೂತರು. ಆಮೇಲೆ ಬಂದವರು ಭೂಗೋಳದ ಮೇಷ್ಟ್ರು. ಕರಾವಳಿ ಕಡೆಯ ಹುಡುಗ, ಮೊದಲ ಕೆಲಸ. ಅತ್ತೆಯನ್ನು ನೋಡಿ, ಯಾರೋ ಯೂನಿವರ್ಸಿಟಿಯಿಂದ ತಪಾಸಣೆಗೆ ಬಂದಿದ್ದಾರೆ ಅಂದುಕೊಂಡು ಬೆವರುತ್ತಾ ಒಂದು ಗಂಟೆ ಪಾಠ ಮಾಡಿದರು. ಗಂಟೆ ಬಾರಿಸಿದಾಗ ಅತ್ತೆ ಎದ್ದು ನಿಂತು ಕೇಳಿದರು: "ಸಾರ್, 'ಪ್ರೆಸೆಂಟ್' ಅಂತ ಯಾವಾಗ ಅನ್ಬೇಕು?"

ಯೂನಿಫಾರಂ ವಿಷಯದಲ್ಲೂ ಒಂದು ಸಣ್ಣ ಯುದ್ಧವಾಯಿತು. ಬುಧವಾರ ಎಲ್ಲರೂ ನೀಲಿ ಚೂಡಿದಾರ ಹಾಕಬೇಕು ಅಂದರು ಸಿಸ್ಟರ್. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, "ನೀವು ಸೀರೆ ಉಟ್ಟಿದ್ದೀರಲ್ಲ ಸಿಸ್ಟರ್, ನಂಗೊಬ್ಳಿಗೆ ಯಾಕೆ ಈ ಶಿಕ್ಷೆ?" ಅಂದರು. ಕೊನೆಗೆ ನೀಲಿ ಸೀರೆಗೆ ರಾಜಿಯಾಯಿತು. ಮೂರನೇ ಬುಧವಾರದ ಹೊತ್ತಿಗೆ ಇಡೀ ಕ್ಲಾಸು ನಮಗೂ ಸೀರೆ ಬೇಕು ಎಂದು ಅರ್ಜಿ ಬರೆದಿತ್ತು. ಸಿಸ್ಟರ್ ಕನ್ನಡಕ ಒರೆಸಿದರು.

ಅಂಗಳದ ಮೂಲೆಯಲ್ಲಿ ಮಗುವನ್ನೆತ್ತಿಕೊಂಡ ಮೇರಿಮಾತೆಯ ವಿಗ್ರಹವಿತ್ತು. ಅತ್ತೆ ದಿನಾ ಬೆಳಿಗ್ಗೆ ಅದರ ಮುಂದೆ ಒಂದು ಮೊಳ ಕನಕಾಂಬರ ಇಟ್ಟು, ಏನೋ ಪಿಸುಗುಡುತ್ತಿದ್ದರು. ಏನು ಬೇಡಿಕೊಳ್ಳುತ್ತೀ ಎಂದು ಕೇಳಿದೆ.

"ಬೇಡ್ಕಳದೇನು? ಕೂಸ್ನ ಎತ್ಕಂಡು ದಿನವೆಲ್ಲ ನಿಂತವ್ಳಲ್ಲ, ಸೊಂಟ ನೋಯ್ತದಾ ಅಂತ ಕೇಳ್ದೆ ಕಣಮ್ಮಿ."

ಇತಿಹಾಸದ ಪಾಠ ಪ್ರಿನ್ಸಿಪಾಲ್ ಸಿಸ್ಟರದೇ. ಯಾವುದೋ ರಾಜ ಲಕ್ಷ ಸೈನ್ಯದೊಂದಿಗೆ ದಂಡೆತ್ತಿ ಹೊರಟ ಕಥೆ ರಂಗೇರುತ್ತಿದ್ದಾಗ ಅತ್ತೆಯ ಕೈ ಮೇಲೇಳುತ್ತಿತ್ತು. "ಅಷ್ಟು ಜನುಕ್ಕೆ ಅಡುಗೆ ಯಾರ್ ಮಾಡೋರು ಸಿಸ್ಟರ್? ನಮ್ಮನೇಲಿ ಹತ್ತಾಳಿಗೆ ಮುದ್ದೆ ತೊಳಸೋ ಹೊತ್ಗೆ ರಟ್ಟೆ ಬಿದ್ದೋಯ್ತದೆ!" ಪಾಪ ಸಿಸ್ಟರ್, ಎರಡು ದಿನ ಲೈಬ್ರರಿಯಲ್ಲಿ ಹುಡುಕಿ ಬಂದು ಉತ್ತರ ಹೇಳಿದರು. ಪರೀಕ್ಷೆಯಲ್ಲಿ 'ಸಾಮ್ರಾಜ್ಯದ ಪತನಕ್ಕೆ ಕಾರಣಗಳೇನು?' ಎಂಬ ಪ್ರಶ್ನೆಗೆ ನಾನು ನಾಲ್ಕು ಪುಟ ಬರೆದೆ. ಅತ್ತೆ ಬರೆದದ್ದು ಒಂದೇ ಸಾಲು: 'ಅಣ್ಣತಮ್ಮಂದಿರು ಸರಿಯಾಗಿ ಪಾಲು ಮಾಡಿಕೊಳ್ಳಲಿಲ್ಲ.' ಇಬ್ಬರಿಗೂ ಒಂದೇ ಅಂಕ!

ಭೂಗೋಳದಲ್ಲಂತೂ ಮೇಷ್ಟ್ರು ಶರಣಾಗಿಯೇ ಬಿಟ್ಟಿದ್ದರು. ಮುಂಗಾರು, ಕೆಂಪು ಮಣ್ಣು, ಹೊಗೆಸೊಪ್ಪು ಎಂದು ಏನು ಹೇಳಿದರೂ ಕೊನೆಗೆ "ಸರಿಯಾ ಅಮ್ಮ?" ಎಂದು ಮೊದಲನೇ ಬೆಂಚಿನ ಕಡೆ ನೋಡುತ್ತಿದ್ದರು. ಭೂಪಟದಲ್ಲಿ ಎತ್ತರ ತಗ್ಗು ತೋರಿಸುವ ಗೆರೆಗಳು ನಮಗೆಲ್ಲ ಸೊಳ್ಳೆಬತ್ತಿಯ ಹಾಗೆ ಕಂಡರೆ, ಅತ್ತೆ ಬೆರಳಿಟ್ಟು, "ಇಲ್ಲಿ ನೀರು ನಿಲ್ಲಕ್ಕಿಲ್ಲ, ಇಲ್ಲಿ ಕಟ್ಟೆ ಕಟ್ಬೋದು" ಅನ್ನುತ್ತಿದ್ದರು. ಒಮ್ಮೆ ಪ್ರಪಂಚದ ನಕ್ಷೆಯ ಮೇಲ್ತುದಿಯಲ್ಲಿ ಗ್ರೀನ್‌ಲ್ಯಾಂಡ್ ನೋಡಿ ದಂಗಾದರು. "ಇಷ್ಟ್ ದೊಡ್ಡ ಜಮೀನು ಬೀಳು ಬುಟ್ಟವ್ರಲ್ಲ, ಯಾರ್ದು ಸಾರ್?"

ಹೀಗೇ ನಡೆದಿದ್ದರೆ ಚೆನ್ನಿತ್ತು. ಎರಡನೇ ವರ್ಷ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಅತ್ತೆ ವಾರಗಟ್ಟಲೆ ಕಾಲೇಜಿಗೆ ಬರಲಿಲ್ಲ. ಸೊಪ್ಪು ಒಣಗಿಸುವ ಬ್ಯಾರನ್ ಗೂಡಿಗೆ ಬೆಂಕಿ ಹಾಕಿದ ಮೇಲೆ ಹಗಲೂ ರಾತ್ರಿ ಕಾಯಲೇಬೇಕು, ಅದಕ್ಕೆ ರಜೆಯಿಲ್ಲ. ಹಾಜರಿ ಸಾಲದೆ ಹಾಲ್ ಟಿಕೆಟ್ ನಿಂತಿತು. ನಿಯಮದ ಪ್ರಕಾರ ಪೋಷಕರು ಖುದ್ದಾಗಿ ಬಂದು ಸಹಿ ಮಾಡಬೇಕು ಅಂದರು ಸಿಸ್ಟರ್.

ಅತ್ತೆ ನನ್ನನ್ನು ಮುಂದಕ್ಕೆ ತಳ್ಳಿದರು. "ಇವಳೇ ನನ್ ಪೋಷಕಿ."

"ಅವಳ ಫಾರಂನಲ್ಲಿ ಪೋಷಕಿ ಅಂತ ನೀವು ಸಹಿ ಮಾಡಿದ್ದೀರಲ್ಲ?"

"ಊಂ, ಅವಳ್ಗೆ ನಾನು, ನನ್ಗೆ ಅವಳು."

"ಆಗುವುದಿಲ್ಲಮ್ಮ. ನಿಮ್ಮ ಯಜಮಾನರನ್ನು ಕರೆದುಕೊಂಡು ಬನ್ನಿ."

"ಅವ್ರೆಂಗೆ ನನ್ ಪೋಷಕ್ರಾಯ್ತಾರೆ ಸಿಸ್ಟರ್? ದಿನಾ ಅವ್ರಿಗೆ ಊಟ ಇಕ್ಕೋಳು ನಾನು!"

ಸಿಸ್ಟರ್ ನಕ್ಕುಬಿಟ್ಟರು. ಆದರೆ ನಿಯಮ ನಗಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಅತ್ತೆ, "ಓಗ್ಲಿ ಬುಡು, ಓದಿದ್ದು ಸಾಕು" ಅಂದರು. ಕಿಟಕಿಯಾಚೆ ನೋಡುತ್ತಲೇ ಅಂದದ್ದರಿಂದ ಮುಖ ಕಾಣಲಿಲ್ಲ.

ಮನೆಗೆ ಬಂದು ಇದನ್ನೆಲ್ಲ ತಮಾಷೆಯಾಗಿಯೇ ಹೇಳಿದೆ. ಅಪ್ಪನೂ ನಕ್ಕರು. ಅಪ್ಪನ ತಾಯಿ, ನಮ್ಮಜ್ಜಿ, ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದವಳು ನಗಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ತಲೆ ಬಾಚಿ, ಒಗೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ನಡಿ, ನಾನೂ ಬತ್ತೀನಿ."

ಅತ್ತೆಯ ಊರಲ್ಲಿ ಬಸ್ಸು ನಿಂತಿತು. ಅತ್ತೆ ಬರುವುದಿಲ್ಲವೇನೋ ಅಂದುಕೊಂಡಿದ್ದೆ, ಅಭ್ಯಾಸಬಲ, ಹತ್ತಿದರು. "ಎಲ್ಲಿಗವ್ವ, ಆಸ್ಪತ್ರೆಗಾ?"

"ನಿನ್ ಇಸ್ಕೂಲ್ಗೆ."

ಪ್ರಿನ್ಸಿಪಾಲ್ ಕೋಣೆಯಲ್ಲಿ ಸಿಸ್ಟರ್ ಎದ್ದು ಅಜ್ಜಿಗೆ ಕುರ್ಚಿ ಕೊಟ್ಟರು. "ಅಮ್ಮ, ನಿಮ್ಮ ಮಗಳು ಬಹಳ ದಿನ ಕ್ಲಾಸು ತಪ್ಪಿಸಿದ್ದಾಳೆ" ಎಂದು ಎಲ್ಲ ಪೋಷಕರಿಗೂ ಹೇಳುವ ಧಾಟಿಯಲ್ಲೇ ಶುರು ಮಾಡಿದರು.

"ತೆಪ್ಪು ಅವಳ್ದಲ್ಲ ತಾಯಿ, ನಂದು" ಅಂದಳು ಅಜ್ಜಿ. "ಪೀಯೂಸಿ ಆದ್ಮೇಲೆ ಇನ್ನೂ ಓದ್ತೀನಿ ಅಂತ ಮೂರ್ ದಿನ ಅನ್ನ ಬುಟ್ಟು ಕೂತಿದ್ಲು. ನಿಮ್ಮಪ್ಪ ಬ್ಯಾಡ ಅಂತಾರೆ ಅಂದ್ಬುಟ್ಟೆ. ಅವ್ರು ಓದ್ಲಿ ಅಂತ್ಲೇ ಇದ್ರು. ಬ್ಯಾಡ ಅಂದೋಳು ನಾನು. ಬಸ್ಸತ್ತಿ ಓದಕ್ಕೋದ ಹೆಣ್ಣು ಕೈಗೆ ಸಿಕ್ಕಕ್ಕಿಲ್ಲ ಅಂತ ಯಾರೋ ಅಂದ್ರು, ಹೆದ್ರುಕಂಡ್ಬುಟ್ಟೆ. ಎಲ್ಲಿ ಒತ್ಬೇಕು ತೋರ್ಸಿ."

ತೀರಿಹೋದ ತಾತನ ಫೋಟೋಕ್ಕೆ ಅತ್ತೆ ಕೈ ಮುಗಿದದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಯಾಕೆಂದು ಈಗ ತಿಳಿಯಿತು. ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ಅತ್ತೆ ಈಗೇನು ಹೇಳುತ್ತಾರೋ ಎಂದು ಕಾದೆ. ಮೇಜಿನ ಮೇಲಿದ್ದ ಇಂಕ್ ಪ್ಯಾಡನ್ನು ಅಜ್ಜಿಯ ಮುಂದಕ್ಕೆ ಸರಿಸಿದರು. ಅಜ್ಜಿ ಹೆಬ್ಬೆಟ್ಟೊತ್ತಿದಳು, ಸಿಸ್ಟರ್ ಅದರ ಕೆಳಗೆ 'ಅನುಮತಿಸಲಾಗಿದೆ' ಎಂದು ಬರೆದರು.

ಸಂಜೆ ವಾಪಸು ಬರುವಾಗ ಮೂರು ಜನರ ಸೀಟಿನಲ್ಲಿ ಅಜ್ಜಿ ನಮ್ಮಿಬ್ಬರ ನಡುವೆ ಕೂತಳು. ಹುಣಸೂರು ದಾಟುವಷ್ಟರಲ್ಲಿ ಅಜ್ಜಿಗೆ ತೂಕಡಿಕೆ ಬಂತು. ತಲೆ ಒಂದೆರಡು ಸಲ ಅತ್ತ ಇತ್ತ ಓಲಾಡಿ, ಅತ್ತೆಯ ಹೆಗಲ ಮೇಲೆ ನಿಂತಿತು.

ಅತ್ತೆಯ ಊರು ಬಂತು. ದಿನಾ ನೋಡುವ ಕಂಡಕ್ಟರ್ ಕೂಗಿದ. "ಅಕ್ಕೋ, ನಿಮ್ ಸ್ಟಾಪು!"

ಅತ್ತೆ ಏಳಲಿಲ್ಲ. ತಲೆ ಅಲುಗದ ಹಾಗೆ ಅಜ್ಜಿಯ ಕೆನ್ನೆಗೆ ಅಂಗೈ ಕೊಟ್ಟು, ನಾನೆಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ ಹೇಳಿದರು:

"ಮುಂದ್ಕೆ ನಡೀಲಿ ಕಣಪ್ಪ. ವಸಿ ಮೆಲ್ಲಗ್ ಓಡ್ಸಕ್ಕೇಳು, ನಮ್ಮವ್ವ ಮಲಗವ್ಳೆ."