ಕೀ ರಿಪೇರಿ

ಬೆಳಗ್ಗೆ ಹತ್ತಕ್ಕೆ ನಕ್ಷೆ ಗುಮಾಸ್ತರು ಕಂಪ್ಯೂಟರಿನ ಮುಂದೆ ಕೂತು ಎಂಟರ್ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಪರದೆಯ ಮೇಲೆ ಕರ್ಸರ್ ಮಾತ್ರ, ಇವರು ಯಾರೆಂದೇ ಗೊತ್ತಿಲ್ಲದ ಹಾಗೆ ಮಿಣಮಿಣ ಎನ್ನುತ್ತಿತ್ತು.

ಅದು ನೀರು ಸರಬರಾಜು ಕಚೇರಿ. ನೆಲದಡಿಯ ಯಾವ ಪೈಪು ಎಲ್ಲಿ ತಿರುಗುತ್ತದೆ, ಯಾವ ವಾಲ್ವು ಯಾವ ಚಪ್ಪಡಿಯ ಕೆಳಗಿದೆ ಎಂಬ ನಕ್ಷೆಗಳೆಲ್ಲ ಆ ಮುದಿ ಯಂತ್ರದ ಹೊಟ್ಟೆಯಲ್ಲಿದ್ದವು. ಅದನ್ನು ನಡೆಸಲು ಬರುತ್ತಿದ್ದದ್ದು ಇವರೊಬ್ಬರಿಗೇ. ಒಂಬತ್ತು ವರ್ಷದಿಂದ ಇವರು ಇಲ್ಲಿ, ಹೆಂಡತಿ ಮಗಳು ಏಳು ಗಂಟೆಯ ರೈಲುದಾರಿಯಾಚೆ. ಹೋದ ತಿಂಗಳು ಮಗಳು ಫೋನಿನಲ್ಲಿ, "ಅಪ್ಪಾ, ನೀನು ಬಂದ್ರೆ ಎಷ್ಟು ದಿನ ಇರ್ತೀಯ?" ಎಂದು ಕೇಳಿದ್ದಳು. ಅದು ನೆಂಟರನ್ನು ಕೇಳುವ ಪ್ರಶ್ನೆ. ಮರುದಿನವೇ ಇವರು ಆರನೇ ಸಲ ವರ್ಗಾವಣೆಗೆ ಅರ್ಜಿ ಹಾಕಿದ್ದರು.

ಇವತ್ತು ನಾಲ್ಕು ಗಂಟೆಗೆ ತಪಾಸಣಾಧಿಕಾರಿ ಬಂದು ಯಂತ್ರ ನೋಡುವವರಿದ್ದರು. ಅವರೆದುರು ಅದು ಕೈಕೊಟ್ಟರೆ, ಒಂದು ಯಂತ್ರ ನೋಡಿಕೊಳ್ಳಲಾರದವನಿಗೆ ವರ್ಗಾವಣೆ ಬೇರೆ ಕೇಡು ಎಂದು ಅರ್ಜಿ ಕಸದ ಬುಟ್ಟಿಗೆ ಹೋಗುವುದು ಖಂಡಿತ ಎಂದುಕೊಂಡರು ಗುಮಾಸ್ತರು.

ಮೊದಲು ಬಂದವರು ಟಪಾಲು ನೋಡಿಕೊಳ್ಳುವ ಅಕ್ಕ. "ಆಫ್ ಮಾಡಿ ಆನ್ ಮಾಡಿದ್ರಾ?"

"ನಾಲ್ಕು ಸಲ ಮಾಡಿದೆ ಅಕ್ಕ. ಕೀಬೋರ್ಡಿನ ಮೂರು ದೀಪ ಒಂದು ಸಲ ಮಿಣುಕುತ್ತೆ, ಆಮೇಲೆ ಮಾತಿಲ್ಲ ಕತೆಯಿಲ್ಲ."

"ಧೂಳು ಕೂತಿರುತ್ತೆ. ಬೋರಲು ಹಾಕಿ ಕೊಡವಿ."

ಕೊಡವಿದರು. ಬಿಸ್ಕತ್ತಿನ ಪುಡಿ, ಏಳೆಂಟು ಸ್ಟೇಪ್ಲರ್ ಪಿನ್ನು, ಎಂದೋ ಕಳೆದುಹೋದ ಅಂಗಿಯ ಗುಂಡಿ ಉದುರಿದವು. ಅಕ್ಕ ಗುಂಡಿಯನ್ನು ಎತ್ತಿಕೊಂಡು, ಅದು ಯಾರ ಅಂಗಿಯದು ಎಂದು ಇಡೀ ಕಚೇರಿ ವಿಚಾರಿಸಿ ಬಂದರು. ಕೀಬೋರ್ಡು ಮಾತ್ರ ಮಿಸುಕಲಿಲ್ಲ.

ಆಮೇಲೆ ಮೀಟರ್ ರೀಡರ್ ಬಂದ. ನಿಂತ ಮೀಟರುಗಳಿಗೆಲ್ಲ ಅವನದು ಒಂದೇ ಮದ್ದು. ಗುಮಾಸ್ತರು ಬೇಡ ಬೇಡ ಎನ್ನುವಷ್ಟರಲ್ಲಿ ಅಂಗೈಯಿಂದ ಎರಡು ಬಿಟ್ಟ. ಸ್ಪೇಸ್ ಬಾರ್ ಹಾರಿ ಅಕ್ಕನ ಟೀ ಲೋಟದೊಳಗೆ ಬಿತ್ತು. ಅದನ್ನು ತೊಳೆದು, ಒರೆಸಿ, ಮತ್ತೆ ಕೂರಿಸುವುದರಲ್ಲಿ ಹನ್ನೆರಡಾಯಿತು. ಉಗ್ರಾಣದಿಂದ ಹೊಸ ಕೀಬೋರ್ಡು ತಂದರೆ ಅದರ ಪ್ಲಗ್ಗು ಚಪ್ಪಟೆ, ಯಂತ್ರದ ತೂತು ದುಂಡಗೆ.

ಬಾಗಿಲಲ್ಲಿ ಸಾಹೇಬರು ಇಣುಕಿದರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅಂಥ ಮನುಷ್ಯ. "ಕೆಟ್ಟಿದ್ರೆ ಕೆಟ್ಟಿದೆ ಅಂತ ತೋರಿಸಿದ್ರಾಯ್ತು. ಊಟಕ್ಕೆ ಹೋಗ್ರೀ."

ಗುಮಾಸ್ತರಿಗೆ ಅದು ಬೈಗುಳವಾಗಿಯೇ ಕೇಳಿಸಿತು. ಇಷ್ಟು ಮೆತ್ತಗೆ ಬೈದವರನ್ನು ಅವರು ಕಂಡಿರಲಿಲ್ಲ. ಊಟದ ಡಬ್ಬಿ ಮುಚ್ಚಿಯೇ ಉಳಿಯಿತು.

ಎರಡು ಗಂಟೆಗೆ ಕೈಸೋತು ಮೀಟರ್ ರೀಡರನಿಗೆ ಹೇಳಿದರು: "ಒಂದು ಕೀನೂ ಕೆಲಸ ಮಾಡ್ತಿಲ್ಲ ಮಾರಾಯ. ಹೊರಗೆ ಕೀ ರಿಪೇರಿಯವರು ಯಾರಾದ್ರೂ ಸಿಕ್ಕಿದ್ರೆ ಕರ್ಕೊಂಡು ಬಾ."

ಅವನು ಹದಿನೈದೇ ನಿಮಿಷದಲ್ಲಿ ಕರೆತಂದ. ಬಂದವನ ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು, ಕೈಯಲ್ಲಿ ಅರ.

"ಇವನು ಬೀಗದವನಲ್ಲವೇನೋ!"

"ನೀವೇ ಅಲ್ವಾ ಸಾರ್ ಕೀ ರಿಪೇರಿ ಅಂದಿದ್ದು? ಮೂಲೆ ಅಂಗಡೀಲಿ ಬೋರ್ಡೇ ಹಾಕಿದಾನೆ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಗುಮಾಸ್ತರಿಗೆ ಅಳುವೇ ಬಂತು. ಬೀಗದವನು ಮಾತ್ರ ಅಂಗಡಿ ಬಿಟ್ಟು ಬಂದದ್ದಕ್ಕಾದರೂ ನೋಡೋಣವೆಂದು ಬಗ್ಗಿ ಕೀಬೋರ್ಡನ್ನೂ ಕೆಳಗಿನ ಪೆಟ್ಟಿಗೆಯನ್ನೂ ಸಾವಕಾಶವಾಗಿ ನೋಡಿದ.

"ಇಷ್ಟೊಂದು ಕೀ ಇದೆ ಸಾರ್, ಬೀಗ ಒಂದೇ ಕಾಣ್ತಿದೆ."

"ಯಾವ ಬೀಗ?"

ಪೆಟ್ಟಿಗೆಯ ಮುಖದಲ್ಲಿ, ಗುಂಡಿಗಳ ಪಕ್ಕ, ಕಾಳಿನಷ್ಟು ಸಣ್ಣ ಬೀಗದ ಕಣ್ಣು. ಒಂಬತ್ತು ವರ್ಷದಿಂದ ಗುಮಾಸ್ತರು ಅದನ್ನು ಅಲಂಕಾರವೆಂದೇ ತಿಳಿದಿದ್ದರು. ಬೇರೆಯವರು ಮುಟ್ಟದಿರಲೆಂದು ಕೀಬೋರ್ಡಿಗೆ ಬೀಗ ಹಾಕುವ ಕಾಲವೊಂದಿತ್ತು ಎಂದು ಯಾರು ಕಂಡಿದ್ದರು? ಬೀಗದವನು ಎರಡು ತಂತಿ ತೂರಿಸಿ, ಕಣ್ಣು ಮುಚ್ಚಿ, ಟಕ್ ಎನ್ನಿಸಿದ. ಗುಮಾಸ್ತರು ಎಂಟರ್ ಒತ್ತಿದರು. ಊರಿನ ಪೈಪುಗಳೆಲ್ಲ ಹಸಿರು ಗೆರೆಗಳಾಗಿ ಪರದೆ ತುಂಬಿದವು. ಬೀಗದವನನ್ನು ತಬ್ಬಿಕೊಂಡೇಬಿಟ್ಟರು.

ನಾಲ್ಕಕ್ಕೆ ತಪಾಸಣಾಧಿಕಾರಿ ಬಂದರು. ಗುಮಾಸ್ತರ ಬೆರಳು ಓಡಿದ ಓಟ ನೋಡಿ ಅವರಿಗೆ ಖುಷಿಯೋ ಖುಷಿ. "ಇಂಥ ಕೈ ಇರೋವರೆಗೆ ಈ ಯಂತ್ರ ಬದಲಾಯಿಸೋ ಮಾತೇ ಬೇಡ" ಎಂದು ಅಲ್ಲೇ ನಿಂತು ವರದಿ ಬರೆದು ಹೊರಟರು.

ಸಾಹೇಬರು ಗುಮಾಸ್ತರನ್ನು ಒಳಗೆ ಕರೆದರು. ಮೇಜಿನ ಮೇಲೆ ಎರಡು ಕಾಗದ. ಮೊದಲನೆಯದು ವರದಿ: ಯಂತ್ರ ಸುಸ್ಥಿತಿಯಲ್ಲಿದೆ, ನಡೆಸುವವರನ್ನು ಇನ್ನೈದು ವರ್ಷ ಕದಲಿಸಕೂಡದು. ಎರಡನೆಯದು ವರ್ಗಾವಣೆ ಆದೇಶ. ಗುಮಾಸ್ತರ ಹೆಂಡತಿಯ ಊರಿಗೆ, ಇವತ್ತಿನದೇ ತಾರೀಖು. ಸಹಿಯ ಜಾಗ ಖಾಲಿಯಿತ್ತು.

"ಯಂತ್ರ ಸತ್ತಿದೆ ಅಂತ ಅವರು ಬರೆದಿದ್ರೆ ಇಲ್ಲಿ ನಿಮ್ಮ ಹುದ್ದೇನೇ ಇರ್ತಿರಲಿಲ್ಲ. ನಿಮ್ಮನ್ನ ಬಿಡೋಕೆ ನನಗೆ ಬೇರೆ ದಾರಿ ಕಾಣಲಿಲ್ಲ ಕಣ್ರೀ. ನಕ್ಷೆಗಳನ್ನೆಲ್ಲ ಮೊದಲೇ ನಿಮ್ಮ ಕೈಲೇ ಕಾಗದದ ಮೇಲೆ ತೆಗೆಸಿಟ್ಟಿದ್ದೆ." ಸಾಹೇಬರು ಡ್ರಾಯರಿನಿಂದ ಸಣ್ಣದೊಂದು ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. "ನಿನ್ನೆ ಸಂಜೆ ಬೀಗ ಹಾಕಿದ್ದು ನಾನೇ."

ಗುಮಾಸ್ತರು ಆ ಬೀಗದ ಕೈ ಎತ್ತಿ ನೋಡಿದರು. "ನನಗೊಂದು ಮಾತು ಹೇಳಬಾರದಿತ್ತಾ ಸಾರ್?"

"ಹೇಗ್ರೀ ಹೇಳಲಿ? ನಿಮ್ಮ ಮುಖಕ್ಕೆ ಸುಳ್ಳು ಹೇಳೋಕೆ ಬರಲ್ವಲ್ಲ."

ಅದು ನಿಜವೇ ಆಗಿತ್ತು. ತನಗಾಗಿ ಒಬ್ಬರು ಇಷ್ಟು ಯೋಚಿಸಿದ್ದಾರೆ ಎಂಬುದು ಗುಮಾಸ್ತರಿಗೆ ಒಂಬತ್ತು ವರ್ಷದಲ್ಲಿ ಮೊದಲ ಸಲ ಗೊತ್ತಾಯಿತು. ಅದೂ ತಾನೇ ಕೈಯಾರೆ ಅದನ್ನು ಕೆಡಿಸಿದ ಮೇಲೆ.

ಹೊರಗೆ ಬಂದಾಗ ಬೀಗದವನು ಬಾಗಿಲ ಪಕ್ಕ ಕಾಯುತ್ತಿದ್ದ. ಅಂಗೈಯಲ್ಲಿ ಫಳಫಳ ಹೊಳೆಯುವ ಹೊಸ ಕೀ.

"ಅಳತೆ ನೆನಪಿತ್ತು ಸಾರ್, ಒಂದು ಮಾಡ್ಕೊಂಡು ಬಂದೆ. ನೀವು ತಬ್ಬಿಕೊಂಡ್ರಲ್ಲ, ಅದಕ್ಕೆ ನನ್ನ ಲೆಕ್ಕದಲ್ಲಿ. ಇನ್ಮೇಲೆ ಯಾರು ಬೀಗ ಹಾಕಿದ್ರೂ ನಿಮಗೆ ತೊಂದ್ರೆ ಇಲ್ಲ."

ಗುಮಾಸ್ತರು ಅದನ್ನು ತೆಗೆದುಕೊಂಡು, "ದೊಡ್ಡ ಉಪಕಾರ ಆಯ್ತಪ್ಪ" ಎಂದರು.