ಬೇಳೆ ಮಿಲ್ಲಿನ ಸಂಬಂಧ ಅಧಿಕಾರಿ

ನೌಕರಿ ಸಿಗುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಸಿಕ್ಕ ನೌಕರಿ ಏನೆಂದು ಹೆತ್ತವ್ವನಿಗೆ ತಿಳಿಸಿ ಹೇಳುವುದು ಅದಕ್ಕಿಂತ ಕಷ್ಟ. ನಾನು ಭಾಲ್ಕಿಯ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಕಾರ್ಮಿಕ ಸಂಬಂಧ ಅಧಿಕಾರಿ. ದಿನವೂ ಬೀದರಿನಿಂದ ಹೋಗಿ ಬರುತ್ತೇನೆ. ನೆಲದಿಂದ ಪಡೆಯುವುದು ಪ್ರಾಥಮಿಕ ಉದ್ಯಮ, ಅದರಿಂದ ಸರಕು ತಯಾರಿಸುವುದು ದ್ವಿತೀಯಕ, ಸಾಗಿಸಿ ಮಾರುವುದು ತೃತೀಯಕ ಎಂದು ಓದಿದ್ದನ್ನೆಲ್ಲ ಒಂದು ದಿನ ಅವ್ವನಿಗೆ ಬಿಡಿಸಿ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ತೊಗರಿ ಬೆಳೆಯವ್ರು ರೈತ್ರು, ಅದನ್ನ ಒಡೆಯವ್ರು ಮಿಲ್ಲಿನವ್ರು, ಮಾರವ್ರು ಅಂಗಡಿಯವ್ರು. ನಡಕ ನೀ ಯಾಕ ನಿಂತಿಯೋ?" ಎಂದಳು.

ಇರುವ ಮರ್ಯಾದೆಯನ್ನೂ ನನ್ನ ಕೋಣೆಯ ಬೋರ್ಡು ಬರೆಯಲು ಬಂದ ಪೇಂಟರ್ ಕಳೆದ. ಬೋರ್ಡಿನಲ್ಲಿ ಜಾಗ ಸಾಲದೆಂದು 'ಕಾರ್ಮಿಕ' ಎಂಬುದನ್ನು ಕೈಬಿಟ್ಟು ಬರೀ 'ಸಂಬಂಧ ಅಧಿಕಾರಿ' ಎಂದು ಬರೆದುಬಿಟ್ಟ. ಮರುದಿನವೇ ತೊಗರಿ ಹಾಕಲು ಬಂದಿದ್ದ ಸಾಯಗಾಂವದ ಧೂಳಪ್ಪ ಕಾಕಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. "ಸಾಹೇಬ್ರ, ನನ್ನ ಮಗಳಿಗೊಂದು ಛಲೋ ಸಂಬಂಧ ನೋಡ್ರಿ." ನಾನು ಗಾಬರಿಯಾಗಿ, ಇದು ಅಂಥ ಸಂಬಂಧವಲ್ಲ, ಕಾರ್ಮಿಕ ಸಂಬಂಧ, ಅಂದರೆ ದುಡಿಯುವವರ ಸಂಬಂಧ ಎಂದೆ. ಕಾಕಾ ಮುಖ ಅರಳಿಸಿ, "ನನಗೂ ಅದೇ ಬೇಕಾಗೇದರಿ. ದುಡಿಯೋ ಗಂಡು!" ಎಂದರು.

ಇಂಥ ಹೊತ್ತಿನಲ್ಲೇ ನಿಜವಾದ ತಂಟೆ ಹುಟ್ಟಿತು. ಮಧ್ಯಾಹ್ನದ ಚಹಾ ಹೊತ್ತಿನಲ್ಲಿ ಬೇಳೆ ಹಸನು ಮಾಡುವ ಹೆಂಗಸರೆಲ್ಲ ಒಟ್ಟಿಗೆ ಎದ್ದು ಹೋಗಬಾರದು, ಒಬ್ಬೊಬ್ಬರಾಗಿ ಕುಡಿದು ಬರಬೇಕೆಂದು ಮಿಲ್ಲಿನ ಮಾಲೀಕರಾದ ಸಾವಕಾರರು ಹುಕುಂ ಮಾಡಿದರು. ಹೆಂಗಸರ ಮುಂದಾಳು, ಎಲ್ಲರೂ ಕಾಕು ಅಂದರೆ ಚಿಕ್ಕಮ್ಮ ಎಂದೇ ಕರೆಯುವ ಕಾಶಿಬಾಯಿ, ಮೊರ ಕೆಳಗಿಟ್ಟರು. "ಒಬ್ಬಾಕಿನೇ ಕುಂತು ಚಾ ಕುಡಿಲಾಕ ನಾವೇನು ದವಾಖಾನ್ಯಾಗ ಇದ್ದೀವೇನ್ರಿ?" ಉಳಿದವರೂ ಮೊರ ಇಟ್ಟರು. ಸಾವಕಾರರು ನನ್ನನ್ನು ಕರೆಸಿ, "ಸೋಮವಾರದೊಳಗ ಹೆಣ್ಮಕ್ಕಳು ಕೆಲಸಕ್ಕ ಕೂಡಲಿಲ್ಲಂದ್ರ ನಿಮ್ಮ ಕುರ್ಚಿನೂ ಗೋದಾಮಿಗೆ ಹಾಕಸ್ತೇನಿ" ಎಂದರು. ಕುರ್ಚಿಯ ಜೊತೆ ನಾನೂ ಹೋಗುತ್ತೇನೆಂಬುದನ್ನು ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಹೆಂಗಸರು ಆಫೀಸಿಗೆ ಬರಲೊಲ್ಲರು, ಸಾವಕಾರರು ಅಂಗಳಕ್ಕೆ ಇಳಿಯಲೊಲ್ಲರು. ಕಾರ್ಮಿಕ ಕಾಯ್ದೆಯ ಪುಸ್ತಕ ತಿರುವಿ ಹಾಕಿದೆ. ಯಾರು ಯಾರ ಬಳಿಗೆ ಮೊದಲು ಹೋಗಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಆಗ ಔರಾದಿಗೆ ಕೊಟ್ಟ ನನ್ನ ತಂಗಿಯ ಮದುವೆ ಮಾತು ನೆನಪಾಯಿತು. ಅಲ್ಲಿಯೂ ಇದೇ ಹಟ, ಇದೇ ಬಿಗುಮಾನ. ನೆಟ್ಟಗೆ ಸಾವಕಾರರ ಮುಂದೆ ಹೋಗಿ, "ಸಾವಕಾರ್ರ, ಗಂಡಿನವರು ಹೆಣ್ಣಿನವರ ಮನೀಗೆ ಹೋಗೋದು ರಿವಾಜು. ಜರಾ ಅಂಗಳಕ್ಕ ನಡೀರಿ" ಎಂದೆ. ಅವರು ಹೆಣ್ಣುಮಕ್ಕಳ ತಂದೆ. ರಿವಾಜಿನ ಮುಂದೆ ಅವರ ಸಾವಕಾರಿಕೆ ನಡೆಯಲಿಲ್ಲ. ಟೋಪಿ ಸರಿಮಾಡಿಕೊಂಡು ಬಂದು ಗೋಣಿಚೀಲದ ಮೇಲೆ ಕೂತರು.

ಮಳೆ, ಬೆಳೆ, ಎಮ್ಮೆಯ ಹಾಲು, ಎಲ್ಲ ಮಾತೂ ಆಯಿತು. ಜಗಳದ ಮಾತೊಂದೇ ಇಲ್ಲ. ಕಾಕು ಒಂದೇ ಒಂದು ಕಪ್ ಚಹಾ ತಂದು ಸಾವಕಾರರ ಕೈಗಿತ್ತು ಎದುರಿಗೆ ಕೂತರು. ಉಳಿದವರೂ ಸುತ್ತ ಕೂತು ಅವರನ್ನೇ ನೋಡತೊಡಗಿದರು. ಸಾವಕಾರರು ಒಂದು ಗುಟುಕು ಕುಡಿದು ತಡವರಿಸಿದರು. "ನೀವೂ ತಗೋರಲ್ಲ?"

"ಮೊದ್ಲ ನಿಮ್ದು ಮುಗೀಲಿರಿ. ಒಬ್ಬೊಬ್ಬರೇ ಅಂತ ನೀವೇ ಹುಕುಂ ಮಾಡೀರಲ್ಲ!" ಎಂದರು ಕಾಕು.

ಸಾವಕಾರರು ಕಪ್ಪು ಕೆಳಗಿಟ್ಟು ನಕ್ಕುಬಿಟ್ಟರು. "ಒಬ್ಬಂವಗ ಚಾ ಗಂಟಲಾಗ ಇಳಿಯೋದಿಲ್ಲ ಬಿಡವಾ. ಎಲ್ಲಾರಿಗೂ ಹಾಕ್ರಿ." ಅಂಗಳದಲ್ಲಿ ಎದ್ದ ನಗೆ ಯಂತ್ರದ ಸದ್ದನ್ನೂ ಮುಳುಗಿಸಿತು. ಸೋಮವಾರಕ್ಕೆ ಕಾಯದೆ ಅವತ್ತೇ ಮೊರಗಳು ಎದ್ದವು. ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಕಪ್ಪಿನ ಉಪಾಯವೂ ನನ್ನದೇ ಎಂದು ಬೀದರಿನಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ. ಕಾಕುವಿಗೆ ಮಾತ್ರ ತಿಳಿಯಬಾರದು. ಅವ್ವ ಕೂಡ, "ನಡಕ ನಿಂತಿದ್ದೂ ಉಪಯೋಗಕ್ಕ ಬಂತು ನೋಡು" ಎಂದು ಒಪ್ಪಿಕೊಂಡಳು.

ಈ ಗೆಲುವಿನ ಸಂತೋಷಕ್ಕೆ ಕಾಶಿಬಾಯಿ ಕಾಕು, ಇನ್ನೂ ಮದುವೆಯಾಗದ ನನಗೆ ಹೆಣ್ಣು ಗೊತ್ತುಮಾಡುವ ಪಣ ತೊಟ್ಟು ಸಾಯಗಾಂವಕ್ಕೆ ಹೋದರು, ಅದೇ ಧೂಳಪ್ಪ ಕಾಕಾನ ಮನೆಗೆ. ನಾನು ಹೊಸ ಅಂಗಿ ಹೊಲಿಯಲು ಕೊಟ್ಟೆ. ಮರುದಿನ ಕಾಕು ಸಪ್ಪೆ ಮುಖ ಮಾಡಿಕೊಂಡು ಬಂದರು.

"ಹುಡುಗ ಭಾಳ ಛಲೋ ಇದ್ದಾನ ಅಂದ್ರು ಸಾಹೇಬ್ರ. ಆದ್ರ, ಅವರಿಗೆ ದುಡಿಯೋ ಗಂಡೇ ಬೇಕಂತ."